ಚುಕ್ಕಾಣಿ ಹಿಡಿದವನ ಚಿತ್ರ

ಕೇಳುಗರಿಗೆ ನಮಸ್ಕಾರ.

ಮೂರು ಮೀಟರಿಗೂ ಮಿಕ್ಕ ಎತ್ತರ, ನಾಲ್ಕೂವರೆ ಮೀಟರಿಗೂ ಮಿಕ್ಕ ಅಗಲ. ಆ ಭಾರೀ ಕ್ಯಾನ್ವಾಸಿನ ತುಂಬ ಅಲೆಗಳಿಗೆ ವಾಲಿದ ಹಡಗು. ಚುಕ್ಕಾಣಿಯ ಬಳಿ ನಿಂತವನೊಬ್ಬ ದೂರಕ್ಕೆ ಕೈ ಚಾಚಿ ತೋರಿಸುತ್ತಿದ್ದಾನೆ. ಅವನೇ ಲೀಫ್ ಎರಿಕ್ಸನ್, ಕೊಲಂಬಸನಿಗಿಂತ ಸುಮಾರು ಐನೂರು ವರ್ಷ ಮೊದಲೇ ಉತ್ತರ ಅಮೆರಿಕವನ್ನು ಮುಟ್ಟಿದ ನಾವಿಕ. 1893ರಲ್ಲಿ ಇದನ್ನು ಬರೆದವರು ನಾರ್ವೆಯ ಕ್ರಿಸ್ಟಿಯಾನ್ ಕ್ರೋಗ್.

ಆ ವರ್ಷ ಷಿಕಾಗೋ ನಗರ ಕೊಲಂಬಸನ ಹೆಸರಿನಲ್ಲಿ ವಿಶ್ವ ಮೇಳ ನಡೆಸುತ್ತಿತ್ತು. ಅಲ್ಲಿ ನೆಲೆಸಿದ್ದ ನಾರ್ವೆಯವರಿಗೆ ‘ಮೊದಲು ಬಂದವರು ನಮ್ಮವರು’ ಎಂದು ಸಾರಬೇಕಿತ್ತು. ಲೀಫನಂಥ ಉತ್ತರ ಯೂರೋಪಿನ ಹಳೆಯ ಕಡಲಿಗರಾದ ವೈಕಿಂಗರ ಹಡಗಿನ ಪ್ರತಿಕೃತಿಯೊಂದು ನಾರ್ವೆಯಿಂದ ಅಟ್ಲಾಂಟಿಕ್ ದಾಟಿ ಮೇಳಕ್ಕೆ ಬಂದಿತು. ಈ ಚಿತ್ರವೂ ಬಂದಿತು. ಆಗ ನಾರ್ವೆ ಇನ್ನೂ ಸ್ವೀಡನ್ ದೊರೆಯ ಅಧೀನದಲ್ಲಿತ್ತು, 1905ರವರೆಗೂ ಹಾಗೆಯೇ ಇತ್ತು. ಸ್ವಂತ ಅರಸನಿಲ್ಲದ ನಾಡಿಗೆ ಇಂಥ ಪೂರ್ವಿಕನೊಬ್ಬ ಎಷ್ಟು ಬೇಕಾಗಿದ್ದನೆಂಬುದು ನನಗೆ ಅರ್ಥವಾಗುತ್ತದೆ. 1900ರಲ್ಲಿ ಚಿತ್ರ ಕೊಡುಗೆಯಾಗಿ ಓಸ್ಲೋ ಸೇರಿತು. ಕ್ರೋಗ್ ಅವರ ಮಗ ಪೆರ್ 1936ರಲ್ಲಿ ಬರೆದ ಪ್ರತಿ ಅಮೆರಿಕದ ಸಂಸತ್ತಿಗೆ ಸಂದಿತು.

ಕಥೆ ಬರೀ ಹೆಮ್ಮೆಯದಲ್ಲವೆಂಬುದಕ್ಕೆ ಅಗೆತದ ಸಾಕ್ಷಿಯಿದೆ. 1960ರ ದಶಕದಲ್ಲಿ ನಾರ್ವೆಯ ಹೆಲ್ಗೆ ಮತ್ತು ಆನ್ನೆ ಸ್ಟೀನೆ ಇಂಗ್‌ಸ್ಟಾಡ್ ದಂಪತಿ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ನಾರ್ಸ್ ಜನರ, ಎಂದರೆ ವೈಕಿಂಗ್ ಕಾಲದ ಉತ್ತರ ಯೂರೋಪಿಗರ, ಮನೆಗಳ ಅಡಿಪಾಯವನ್ನು ಅಗೆದು ತೆಗೆದರು. ಅಲ್ಲಿ ಸಿಕ್ಕ ಮರದ ತುಂಡುಗಳು 1021ರಲ್ಲಿ ಕಡಿದವೆಂದು 2021ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು.

2022ರಲ್ಲಿ ಓಸ್ಲೋದ ಹೊಸ ರಾಷ್ಟ್ರೀಯ ಸಂಗ್ರಹಾಲಯ ತೆರೆದಾಗ ಮಾತ್ರ ಈ ಚಿತ್ರ ಗೋಡೆಯ ಮೇಲಿರಲಿಲ್ಲ, ಉಗ್ರಾಣದಲ್ಲಿತ್ತು. ಇದು ವಸಾಹತುಶಾಹಿ ಚಿತ್ರವೆಂದು ಸಂಗ್ರಹಾಲಯದ ಕಡೆಯಿಂದಲೇ ಮಾತು ಬಂದಾಗ, 2023ರ ಆರಂಭದಲ್ಲಿ ನಾರ್ವೆಯಲ್ಲಿ ದೊಡ್ಡ ವಾಗ್ವಾದವೆದ್ದಿತು.

ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಲೀಫ್ ಕೈ ತೋರಿದ ಕಡೆಯಲ್ಲಿ ಜನ ಬಾಳುತ್ತಿದ್ದರು. ‘ಗ್ರೀನ್‌ಲ್ಯಾಂಡಿಗರ ಸಾಗಾ’ ಎಂಬ ಹಳೆಯ ನಾರ್ಸ್ ಗದ್ಯಕಥನ ಹೇಳುವಂತೆ, ಲೀಫನ ಸಹೋದರ ತೋರ್ವಾಲ್ಡನ ತಂಡ ತೊಗಲಿನ ದೋಣಿಗಳ ಕೆಳಗಿದ್ದ ಒಂಬತ್ತು ಮಂದಿಯನ್ನು ಕಂಡಿತು. ಒಬ್ಬ ತಪ್ಪಿಸಿಕೊಂಡ, ಎಂಟು ಮಂದಿಯನ್ನು ಕೊಂದರು. ಆಮೇಲೆ ತೋರ್ವಾಲ್ಡನೂ ಬಾಣಕ್ಕೆ ಬಲಿಯಾದ. ನಾರ್ಸ್ ಜನ ಅಲ್ಲಿ ಬೇರೂರಲಿಲ್ಲ, ಬಿಟ್ಟು ಬಂದರು.

ಆದರೆ ಕ್ರೋಗ್ ಬಡವರ, ಕಡಲಿನವರ ಚಿತ್ರಕಾರ. ಇಲ್ಲಿಯೂ ಅವರ ಕುಂಚಕ್ಕೆ ಒಲಿದದ್ದು ವಾಲಿದ ಹಲಗೆ, ಉಪ್ಪುನೀರು, ಕಾತರದ ಮೈಗಳು. ಅದನ್ನು ಉಗ್ರಾಣದಲ್ಲಿ ಮುಚ್ಚಿಟ್ಟರೆ ಆ ಎಂಟು ಮಂದಿಯ ಮಾತನ್ನು ಎಲ್ಲಿ ನಿಂತು ಆಡುವುದು? ಚಿತ್ರವನ್ನು ತೂಗುಹಾಕಲಿ, ಪಕ್ಕದ ಫಲಕದಲ್ಲಿ ಅವರ ಸಾವನ್ನೂ ಬರೆಯಲಿ.