ಇಬ್ಬರು ಸೀನಿಯರ್‌ಗಳ ನಡುವೆ ಟಪಾಲು ಹೊರಬೇಡಿ

ಒಂದು ಡ್ರಗ್ ಚಾರ್ಟ್ ಕಣ್ಣ ಮುಂದೆ ತಂದುಕೊಳ್ಳಿ. ಹಾರ್ಟ್ ಫೇಲ್ಯೂರ್ ರೋಗಿ. ಕಿಡ್ನಿ ಸೋತಾಗ ರಕ್ತದಲ್ಲಿ ಏರೋ ಕ್ರಿಯಾಟಿನಿನ್ ಮೂರು ದಿನದಲ್ಲಿ 1.1ರಿಂದ 2.4ಕ್ಕೆ ಏರಿದೆ. ಬೆಳಿಗ್ಗೆ ರೌಂಡ್ಸ್‌ಗೆ ಬಂದ ಕಾರ್ಡಿಯಾಲಜಿಯವರು ಫ್ಯೂರೋಸೆಮೈಡ್ (ಲಾಸಿಕ್ಸ್, ಮೈಯ ನೀರನ್ನ ಮೂತ್ರದಲ್ಲಿ ಹೊರಹಾಕೋ ಡೈಯುರೆಟಿಕ್ ಔಷಧಿ) 40 ಮಿಲಿಗ್ರಾಂ ಐವಿ, ದಿನಕ್ಕೆ ಎರಡು ಸಲ ಅಂತ ಬರೆದು ಹೋಗಿದ್ದಾರೆ. ಮಧ್ಯಾಹ್ನ ಬಂದ ನೆಫ್ರಾಲಜಿಯವರು (ಕಿಡ್ನಿ ವಿಭಾಗ) ಅದನ್ನ ನಿಲ್ಲಿಸಿ, ನಾರ್ಮಲ್ ಸಲೈನ್ ಗಂಟೆಗೆ 75 ಮಿಲಿಲೀಟರ್ ಅಂತ ಬರೆದಿದ್ದಾರೆ. ಎರಡೂ ಆರ್ಡರ್ ಒಂದೇ ಹಾಳೆಯಲ್ಲಿವೆ. ಸಂಜೆ ಆರಕ್ಕೆ ನರ್ಸ್ ಸಿರಿಂಜ್ ತುಂಬಿಕೊಂಡು ಮಂಚದ ಪಕ್ಕ ನಿಂತಿದ್ದಾರೆ, ತಲೆ ಮೇಲೆ ಸಲೈನ್ ಬಾಟಲಿ ನೇತಾಡ್ತಿದೆ. ಅವರು ಕೇಳೋದು ರೆಸಿಡೆಂಟನ್ನ, ಅಂದರೆ ವಾರ್ಡಿನಲ್ಲಿ ತರಬೇತಿಯಲ್ಲಿರೋ ಕಿರಿಯ ವೈದ್ಯರನ್ನ: "ಡಾಕ್ಟರ್, ಯಾವುದು ಕೊಡಲಿ?"

ಇಲ್ಲಿ ಹೆಚ್ಚಿನ ರೆಸಿಡೆಂಟ್‌ಗಳು ಮಾಡೋದು ಒಂದೇ ಕೆಲಸ. ಕಾರ್ಡಿಯಾಲಜಿಗೆ ಫೋನ್ ಮಾಡಿ "ಸರ್, ನೆಫ್ರೋ ಮೇಡಂ ಲಾಸಿಕ್ಸ್ ಬೇಡ ಅಂದ್ರು" ಅಂತಾರೆ. ಅಲ್ಲಿಂದ ಬೈಸಿಕೊಂಡು ನೆಫ್ರಾಲಜಿಗೆ ಫೋನ್ ಮಾಡಿ "ಮೇಡಂ, ಕಾರ್ಡಿಯೋ ಸರ್ ಕೊಡಲೇಬೇಕು ಅಂತಿದ್ದಾರೆ" ಅಂತಾರೆ. ಮೂರನೇ ಫೋನ್ ಹೊತ್ತಿಗೆ ಇಬ್ಬರಿಗೂ ಕೋಪ, ರೋಗಿಗೆ ಔಷಧಿ ಇಲ್ಲ. ನಾನು ಇವತ್ತು ಹೇಳೋಕೆ ಬಂದಿರೋದು ಇಷ್ಟೇ: ಈ ಟಪಾಲು ಕೆಲಸ ನಿಲ್ಲಬೇಕು. ಸೀನಿಯರ್‌ಗಳ ಜಗಳ ಅಂತ ನಾವು ಕರೆಯೋದರಲ್ಲಿ ದೊಡ್ಡ ಪಾಲು ಹುಟ್ಟೋದೇ ಈ ಹೊತ್ತು ತರೋ ಮಾತಿನಲ್ಲಿ.

ಹೇಗೆ ಅಂತ ನೋಡಿ. ನೆಫ್ರಾಲಜಿಯವರು ನಿಜವಾಗಿ ಹೇಳಿದ್ದು: "ರೋಗಿ ಒಣಗಿದ ಹಾಗೆ ಕಾಣ್ತಿದೆ, ಬಿಪಿನೂ ಕಮ್ಮಿ ಇದೆ, ನಾಳೆ ಬೆಳಿಗ್ಗೆವರೆಗೆ ಲಾಸಿಕ್ಸ್ ಹಿಡಿದಿಡಿ, ಮೂತ್ರ ಎಷ್ಟು ಬರುತ್ತೆ ನೋಡೋಣ." ಅದು ಇನ್ನೊಬ್ಬರ ಕಿವಿಗೆ ತಲುಪಿದಾಗ "ಲಾಸಿಕ್ಸ್ ಬೇಡ ಅಂದ್ರು" ಆಗಿದೆ. ಕಾರಣ ಉದುರಿಹೋಯ್ತು. "ಕಾಣ್ತಿದೆ" ಅನ್ನೋ ಅನುಮಾನ ಉದುರಿಹೋಯ್ತು. "ನಾಳೆ ಬೆಳಿಗ್ಗೆವರೆಗೆ" ಅನ್ನೋ ಗಡುವು ಉದುರಿಹೋಯ್ತು. ಉಳಿದಿದ್ದು ತೀರ್ಪು ಮಾತ್ರ. ಕಾರಣದ ಜೊತೆ ಯಾರು ಬೇಕಾದರೂ ಚರ್ಚೆ ಮಾಡಬಹುದು; ಬರೀ ತೀರ್ಪು ಬಂದರೆ ಅದಕ್ಕೆ ಎದುರು ತೀರ್ಪೇ ಬರುತ್ತೆ.

ಹಾಗಾದರೆ ಸಂಜೆ ಆರಕ್ಕೆ ಏನು ಮಾಡಬೇಕು? ಮೊದಲು, ಎರಡನ್ನೂ ಹಿಡಿದಿಡಿ ಅಂತ ನರ್ಸ್‌ಗೆ ಸ್ಪಷ್ಟವಾಗಿ ಹೇಳಿ, ಯಾವಾಗ ಉತ್ತರ ಕೊಡ್ತೀರಿ ಅಂತಾನೂ ಹೇಳಿ, ಇಪ್ಪತ್ತು ನಿಮಿಷ ಅಂತಿಟ್ಟುಕೊಳ್ಳಿ. ರೋಗಿ ಉಸಿರಿಗೆ ಒದ್ದಾಡ್ತಿಲ್ಲ, ಬಿಪಿ ಕುಸೀತಿಲ್ಲ ಅಂತ ನೀವೇ ನೋಡಿ ಖಚಿತ ಮಾಡಿಕೊಂಡ ಮೇಲೆ ಮಾತ್ರ ಈ ಮಾತು. ಆಮೇಲೆ ಫೋನ್ ಎತ್ತೋ ಮುಂಚೆ ಮಂಚದ ಹತ್ತಿರ ಹತ್ತು ನಿಮಿಷ ಕಳೀರಿ. ಮೂರು ದಿನದ ತೂಕ ತೆಗೀರಿ, ಬರೆದಿಲ್ಲದಿದ್ದರೆ ಈಗ ತೂಗಿ. ಕಳೆದ ಆರು ಗಂಟೆಯ ಮೂತ್ರ ಎಷ್ಟು? ಜೆವಿಪಿ, ಅಂದರೆ ಕತ್ತಿನ ಸಿರೆಯ ಒತ್ತಡ, ಎಲ್ಲಿದೆ? ಶ್ವಾಸಕೋಶದ ಬುಡದಲ್ಲಿ ಚರಚರ ಸದ್ದು (ಕ್ರೆಪ್ಸ್) ಇದೆಯಾ? ಕಾಲು, ಸೊಂಟದ ಹಿಂಭಾಗ ಒತ್ತಿದರೆ ಕುಳಿ ಬೀಳುತ್ತಾ? ಅಲ್ಟ್ರಾಸೌಂಡ್ ಕೈಗೆ ಸಿಕ್ಕರೆ ಐವಿಸಿ (ಹೃದಯಕ್ಕೆ ರಕ್ತ ತರೋ ದೊಡ್ಡ ಸಿರೆ) ಹಿಗ್ಗಿದೆಯಾ, ಉಸಿರಿನ ಜೊತೆ ಕುಗ್ಗುತ್ತಾ ನೋಡಿ. ಮೂತ್ರದ ಸೋಡಿಯಂ ಬೆನ್ನು ಹತ್ತಬೇಡಿ, ಫ್ಯೂರೋಸೆಮೈಡ್ ಹೋಗಿರೋ ರೋಗಿಯಲ್ಲಿ ಅದು ದಾರಿ ತಪ್ಪಿಸುತ್ತೆ.

ಈಗ ತೂಕ 68 ಇದ್ದದ್ದು 71.5 ಆಗಿದೆ, ಜೆವಿಪಿ ಏರಿದೆ, ಐವಿಸಿ ಕುಗ್ತಿಲ್ಲ ಅಂತಾದರೆ ಇದು ಒಣಗಿದ ಕಿಡ್ನಿ ಆಗಿರೋ ಸಾಧ್ಯತೆ ಕಮ್ಮಿ. ಹೃದಯದ ಹಿಂದೆ ರಕ್ತ ಕಟ್ಟಿಕೊಂಡು ಕಿಡ್ನಿಯ ಸಿರೆಗಳಲ್ಲಿ ಒತ್ತಡ ಏರಿದಾಗಲೂ ಕ್ರಿಯಾಟಿನಿನ್ ಹೀಗೇ ಏರುತ್ತೆ. ತೂಕ ಮೂರು ಕೆಜಿ ಇಳಿದು ನಾಲಿಗೆ ಒಣಗಿದ್ದರೆ ಕಥೆ ಉಲ್ಟಾ. ಈ ಅಂಕಿಗಳನ್ನ ಮಧ್ಯಾಹ್ನದ ರೌಂಡ್ಸ್‌ನಲ್ಲೇ ಮುಂದಿಟ್ಟಿದ್ದರೆ ಎರಡನೇ ಆರ್ಡರ್ ಬಹುಶಃ ಬರ್ತಾನೇ ಇರಲಿಲ್ಲ. ಎದುರುಬದುರು ಬಿದ್ದ ಇಬ್ಬರು ಸೀನಿಯರ್‌ಗಳು ಬಹಳ ಸಲ ಬೇರೆ ಬೇರೆ ಮಾಹಿತಿ ನೋಡಿ ಮಾತಾಡ್ತಿರ್ತಾರೆ. ಒಬ್ಬರು ಎಕೋ ನೋಡಿದ್ದಾರೆ, ಇನ್ನೊಬ್ಬರು ಲ್ಯಾಬ್ ರಿಪೋರ್ಟ್ ನೋಡಿದ್ದಾರೆ, ತೂಕದ ಹಾಳೆ ಇಬ್ಬರೂ ನೋಡಿಲ್ಲ.

ಅಂಕಿ ಕೈಯಲ್ಲಿ ಹಿಡಿದ ಮೇಲೆ ಮೊದಲ ಫೋನ್ ನಿಮ್ಮ ಯೂನಿಟ್‌ನ ಸೀನಿಯರ್‌ಗೆ ಹೋಗಬೇಕು, ಯಾರ ಹೆಸರಲ್ಲಿ ರೋಗಿ ಅಡ್ಮಿಟ್ ಆಗಿದ್ದಾರೋ ಅವರಿಗೆ. ಇದನ್ನ ಎಷ್ಟು ಜನ ಮರೀತಾರೆ ಅಂದರೆ ಆಶ್ಚರ್ಯ ಆಗುತ್ತೆ. ಬೇರೆ ವಿಭಾಗದವರು ಕೊಡೋದು ಸಲಹೆ, ತೀರ್ಮಾನ ಅಡ್ಮಿಟ್ ಮಾಡಿಕೊಂಡ ಯೂನಿಟ್‌ದು. ನಿಮ್ಮ ಸೀನಿಯರ್‌ಗೆ ಹೇಳದೆ ನೀವೇ ಎರಡು ಸಲಹೆ ನಡುವೆ ಪಂಚಾಯಿತಿಗೆ ಕೂತರೆ, ಮೂರನೇ ಜಗಳ ಶುರುವಾಗುತ್ತೆ.

ಎರಡನೇ ಫೋನ್ ಸಲಹೆ ಕೊಟ್ಟ ವಿಭಾಗದ ರೆಸಿಡೆಂಟ್‌ಗೆ. ಸರೀಕರ ನಡುವೆ ಐದು ನಿಮಿಷದಲ್ಲಿ ಬಿಡಿಸೋ ಗಂಟುಗಳು ಬೇಕಾದಷ್ಟಿವೆ. "ನಿಮ್ಮ ಮೇಡಂ ಯಾಕೆ ಫ್ಲೂಯಿಡ್ ಅಂದ್ರು, ಅವರು ತೂಕ ನೋಡಿದ್ರಾ?" ಅಂತ ಅಲ್ಲಿ ಧೈರ್ಯವಾಗಿ ಕೇಳಬಹುದು.

ಅಲ್ಲೂ ಬಗೆಹರಿಯದಿದ್ದರೆ ಇಬ್ಬರು ಸೀನಿಯರ್‌ಗಳನ್ನೂ ಒಂದೇ ಕರೆಯಲ್ಲಿ ಸೇರಿಸಿ. ನನ್ನ ಲೆಕ್ಕ ಹೀಗೆ: ಒಬ್ಬರ ಮಾತನ್ನ ಇನ್ನೊಬ್ಬರಿಗೆ ಒಂದು ಸಲ ಮುಟ್ಟಿಸಬಹುದು, ಕಾರಣದ ಸಮೇತ. ಎರಡನೇ ಸಲ ಮುಟ್ಟಿಸೋ ಹಾಗಾದರೆ ಅವರಿಬ್ಬರೇ ಮಾತಾಡಬೇಕು. ಕೇಳೋ ರೀತಿ ಇಷ್ಟು: "ಸರ್, ನಾನು ಹೇಳೋದರಲ್ಲಿ ಏನಾದರೂ ತಪ್ಪಿಹೋಗಬಹುದು. ಮೇಡಂ ಲೈನ್‌ನಲ್ಲಿದ್ದಾರೆ, ಸೇರಿಸಲಾ? ಎರಡೇ ನಿಮಿಷ." ಇದಕ್ಕೆ ಬೇಡ ಅನ್ನೋದು ಕಷ್ಟ. "ಸರ್, ಅವರು ಒಪ್ತಾ ಇಲ್ಲ, ನೀವೇ ಮಾತಾಡಿ" ಅಂದರೆ ಅಲ್ಲೇ ಕೆಟ್ಟುಹೋಯ್ತು, ಯಾಕಂದರೆ ಅದರಲ್ಲಿ ಸವಾಲಿದೆ.

ಕರೆಯಲ್ಲಿ ಮಾತಾಡೋಕೆ ಎಸ್‌ಬಿಎಆರ್ ಕ್ರಮ ಎಲ್ಲರಿಗೂ ಗೊತ್ತಿರುತ್ತೆ: ಈಗಿನ ಸ್ಥಿತಿ, ಹಿನ್ನೆಲೆ, ನಿಮ್ಮ ಅಂದಾಜು, ನಿಮ್ಮ ಬೇಡಿಕೆ. ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಿಂದ ಆಸ್ಪತ್ರೆಗೆ ಬಂದ ಕ್ರಮ ಅದು. ಆದರೆ ಇಬ್ಬರು ಸೀನಿಯರ್‌ಗಳಿರೋ ಕರೆಯಲ್ಲಿ ಬೇಡಿಕೆಯನ್ನ ಮೊದಲು ಹೇಳಿ ಅಂತ ನನ್ನ ಒತ್ತಾಯ. "ಒಂದೇ ಪ್ರಶ್ನೆ ಇದೆ: ಇವತ್ತು ರಾತ್ರಿ ಡೈಯುರೆಟಿಕ್ ಕೊಡೋದಾ, ಫ್ಲೂಯಿಡ್ ಕೊಡೋದಾ. ತೂಕ ಮೂರೂವರೆ ಕೆಜಿ ಏರಿದೆ, ಮೂತ್ರ ಆರು ಗಂಟೇಲಿ 90 ಮಿಲಿಲೀಟರ್, ಬಿಪಿ 104/60." ಅಷ್ಟೇ. ಆಮೇಲೆ ಸುಮ್ಮನಿರಿ. ಮುಗಿದ ಮೇಲೆ ತೀರ್ಮಾನವನ್ನ ತಿರುಗಿ ಓದಿ ಹೇಳಿ: ಯಾವ ಔಷಧಿ, ಎಷ್ಟು, ಎಷ್ಟು ಹೊತ್ತಿಗೆ, ಮೂತ್ರ ಎಷ್ಟಕ್ಕಿಂತ ಕಮ್ಮಿ ಬಂದರೆ ಯಾರಿಗೆ ಫೋನ್ ಮಾಡಬೇಕು.

ಪ್ರಶ್ನೆ ಅಂದೆ. ಅದರಲ್ಲೇ ಅರ್ಧ ಜಗಳ ಇದೆ. 1983ರಲ್ಲಿ ಗೋಲ್ಡ್‌ಮನ್, ಲೀ, ರಡ್ ಅನ್ನೋ ಮೂವರು ವೈದ್ಯರು ಒಳ್ಳೆಯ ಕನ್ಸಲ್ಟೇಶನ್‌ಗೆ ಹತ್ತು ಸೂತ್ರ ಬರೆದರು. ಮೊದಲನೆಯದೇ, ಪ್ರಶ್ನೆ ಏನು ಅಂತ ತಿಳ್ಕೊಳ್ಳಿ ಅನ್ನೋದು. ನಾವು ಇವತ್ತಿಗೂ ರೆಫರೆನ್ಸ್ ಚೀಟಿಯಲ್ಲಿ "ಸರ್ಜರಿಗೆ ಫಿಟ್‌ನೆಸ್ ಕೊಡಿ" ಅಂತ ಬರೀತೀವಿ. ಅದು ಪ್ರಶ್ನೆಯೇ ಅಲ್ಲ.

ಸೊಂಟದ ಮೂಳೆ ಮುರಿದ 78 ವರ್ಷದ ಅಜ್ಜಿ. ಎಂಟು ತಿಂಗಳ ಹಿಂದೆ ಸ್ಟೆಂಟ್ ಹಾಕಿದ್ದಾರೆ, ರಕ್ತ ಹೆಪ್ಪುಗಟ್ಟದ ಹಾಗೆ ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ 75 ನಡೀತಿದೆ. ಆರ್ಥೋದವರಿಗೆ ನಾಳೆಯೊಳಗೆ ಆಪರೇಷನ್ ಆಗಬೇಕು. ಅವರು ಹೇಳೋದು ಸರಿ, ಒಂದೆರಡು ದಿನಕ್ಕಿಂತ ಹೆಚ್ಚು ಮಲಗಿದರೆ ನ್ಯುಮೋನಿಯಾ, ಬೆಡ್‌ಸೋರ್, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಬುದ್ಧಿ ಕಲಕೋದು ಎಲ್ಲ ಸಾಲುಗಟ್ಟಿ ಬರುತ್ತೆ. ಅನಸ್ತೇಶಿಯಾದವರು ಕ್ಲೋಪಿಡೋಗ್ರೆಲ್ ನಿಲ್ಲಿಸಿ ಐದರಿಂದ ಏಳು ದಿನ ಕಾಯಿರಿ ಅಂತಾರೆ. ಅವರೂ ಸರಿ, ಬೆನ್ನಿಗೆ ಅರಿವಳಿಕೆ ಸೂಜಿ (ಸ್ಪೈನಲ್) ಹಾಕಿದರೆ ಬೆನ್ನುಹುರಿಯ ಸುತ್ತ ರಕ್ತ ತುಂಬಬಹುದು. ಕಾರ್ಡಿಯಾಲಜಿಯವರು ಸ್ಟೆಂಟ್ ಮುಚ್ಚಿಕೊಳ್ಳುತ್ತೆ, ಮಾತ್ರೆ ನಿಲ್ಲಿಸಬೇಡಿ ಅಂತಾರೆ.

ನೋಡೋಕೆ ಮೂರು ಕಡೆಯ ಯುದ್ಧ. ಪ್ರಶ್ನೆ ಬಿಡಿಸಿ ಕೇಳಿ. ಅನಸ್ತೇಶಿಯಾದವರಿಗೆ: "ಸ್ಪೈನಲ್ ಬೇಡ ಅಂತಾದರೆ ಜನರಲ್‌ನಲ್ಲಿ ನಾಳೆ ಮಾಡಬಹುದಾ? ಅದಕ್ಕೆ ತಡೆ ಏನಾದರೂ ಇದೆಯಾ?" ಕಾರ್ಡಿಯಾಲಜಿಗೆ: "ಸ್ಟೆಂಟ್ ಹಾಕಿದ್ದು ಹಾರ್ಟ್ ಅಟ್ಯಾಕ್‌ಗಾ ಅಥವಾ ಸ್ಥಿರ ಕಾಯಿಲೆಗಾ, ಆಸ್ಪಿರಿನ್ ಮುಂದುವರಿಸಿ ಕ್ಲೋಪಿಡೋಗ್ರೆಲ್ ಕೆಲವು ದಿನ ಬಿಡಬಹುದಾ, ಮತ್ತೆ ಯಾವಾಗ ಶುರು ಮಾಡಬೇಕು?" ಆರ್ಥೋಗೆ: "ಔಷಧಿಯ ಪರಿಣಾಮ ಇರುವಾಗಲೇ ಮಾಡಿದರೆ ಎಷ್ಟು ರಕ್ತ ಸಿದ್ಧ ಇಡಬೇಕು?" ಈಗ ಉತ್ತರಗಳು ಒಂದಕ್ಕೊಂದು ಹೊಂದ್ತವೆ. ಸೊಂಟ ಮುರಿದ ರೋಗಿಯನ್ನ ಬರೀ ಕ್ಲೋಪಿಡೋಗ್ರೆಲ್ ಕಾರಣಕ್ಕೆ ದಿನಗಟ್ಟಲೆ ಕಾಯಿಸಬಾರದು ಅನ್ನೋದು ಈಗ ಸಾಮಾನ್ಯವಾಗಿ ಒಪ್ಪಿರೋ ಮಾತು. ಬೇರೆ ತಡೆ ಇಲ್ಲದಿದ್ದರೆ ಪೂರ್ತಿ ಪ್ರಜ್ಞೆ ತಪ್ಪಿಸೋ ಜನರಲ್ ಅನಸ್ತೇಶಿಯಾ ದಾರಿ ಇದ್ದೇ ಇದೆ. ಮೂವರೂ ಬೇರೆ ಬೇರೆ ಅಪಾಯಕ್ಕೆ ಹೆದರ್ತಿದ್ದರು, ಆಪರೇಷನ್ ಬೇಡ ಅಂತ ಅವರಲ್ಲಿ ಒಬ್ಬರೂ ಅಂದಿರಲಿಲ್ಲ.

ರೋಗಿ ಯಾರ ವಾರ್ಡಿಗೆ ಹೋಗಬೇಕು ಅನ್ನೋ ಜಗಳ ಬೇರೆ ಜಾತಿಯದು. ಪಿತ್ತಕಲ್ಲಿನ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ಮೆಡಿಸಿನ್‌ಗಾ ಸರ್ಜರಿಗಾ ಅಂತ ಎಮರ್ಜೆನ್ಸಿಯಲ್ಲಿ ರೆಸಿಡೆಂಟ್ ವಾದ ಮಾಡಿ ಗೆದ್ದದ್ದು ಕಮ್ಮಿ. ಅದು ವಿಭಾಗದ ಮುಖ್ಯಸ್ಥರು ಮೊದಲೇ ಕೂತು ಬರೆದಿಡಬೇಕಾದ ವಿಷಯ. ಆ ರಾತ್ರಿ ನಿಮ್ಮ ಕೆಲಸ ಫ್ಲೂಯಿಡ್, ನೋವಿನ ಔಷಧಿ, ಆಕ್ಸಿಜನ್ ಶುರು ಮಾಡೋದು. ಹಾಸಿಗೆ ತೀರ್ಮಾನಕ್ಕೆ ಅವು ಕಾಯಬಾರದು.

ರೋಗಿ ಕುಸೀತಿದ್ದರೆ ಮೇಲಿನ ನಯ ಎಲ್ಲ ಬದಿಗಿಡಿ. ಉಸಿರು, ರಕ್ತದೊತ್ತಡ, ಪ್ರಜ್ಞೆ ಈ ಮೂರರಲ್ಲಿ ಯಾವುದು ಜಾರಿದರೂ ಎಮರ್ಜೆನ್ಸಿ ತಂಡ ಕರೀರಿ, ಯಾರ ಅನುಮತಿಗೂ ಕಾಯಬೇಡಿ. ಇನ್ನೂ ಅಷ್ಟು ಹದಗೆಟ್ಟಿಲ್ಲ, ಆದರೆ ಸೀನಿಯರ್ ಹೇಳಿದ್ದು ಅಪಾಯ ಅನ್ನಿಸ್ತಿದೆ ಅಂದರೆ ಮೂರು ಮೆಟ್ಟಿಲು ಹತ್ತಿ: "ಸರ್, ನನಗೆ ಕಳವಳ ಆಗ್ತಿದೆ." ಕೇಳದಿದ್ದರೆ, "ಹೀಗೆ ಬಿಡೋಕೆ ನನಗೆ ಧೈರ್ಯ ಬರ್ತಿಲ್ಲ." ಆಗಲೂ ಕೇಳದಿದ್ದರೆ, "ಇದು ರೋಗಿಯ ಸುರಕ್ಷತೆಯ ಪ್ರಶ್ನೆ, ನಾನು ಮೇಲಿನವರಿಗೆ ತಿಳಿಸಬೇಕಾಗುತ್ತೆ." ದನಿ ಏರಿಸದೆ ಹೇಳಿ. ಹೇಳಿದ ಮೇಲೆ ತಿಳಿಸಿ ಕೂಡ.

ಕೇಸ್‌ಶೀಟ್ ಬಗ್ಗೆ ನನಗೆ ಬಹಳ ಗಟ್ಟಿ ಅಭಿಪ್ರಾಯ ಇದೆ. ಅದರಲ್ಲಿ ಜಗಳ ಬರೀಬೇಡಿ. "ಸರ್ಜರಿಯವರು ಸಲಹೆ ಪಾಲಿಸಿಲ್ಲ" ಅನ್ನೋ ಸಾಲು ರೋಗಿಗೆ ಉಪಯೋಗ ಇಲ್ಲ, ಮುಂದೆ ಕೋರ್ಟ್‌ಗೆ ಹೋದರೆ ಎಲ್ಲರ ಕುತ್ತಿಗೆಗೂ ಬರುತ್ತೆ. ಬರೀಬೇಕಾದ್ದು: "18:40. ನೆಫ್ರಾಲಜಿ, ಕಾರ್ಡಿಯಾಲಜಿ ಕನ್ಸಲ್ಟೆಂಟ್‌ಗಳ ಜೊತೆ ಫೋನ್ ಚರ್ಚೆ. ತೂಕ, ಮೂತ್ರ, ಬಿಪಿ ತಿಳಿಸಲಾಯಿತು. ತೀರ್ಮಾನ: ಫ್ಲೂಯಿಡ್ ನಿಲ್ಲಿಸಿ, ಫ್ಯೂರೋಸೆಮೈಡ್ 40 ಮಿಲಿಗ್ರಾಂ ಐವಿ ಈಗ. 21:00ಕ್ಕೆ ಮೂತ್ರದ ಮರುಪರಿಶೀಲನೆ." ಕನ್ಸಲ್ಟೆಂಟ್‌ಗಳ ಹೆಸರು ಸೇರಿಸಿ. ಬದಲಾದ ಹಳೇ ಆರ್ಡರ್‌ಗೆ ಅಡ್ಡಗೆರೆ ಎಳೆದು ಸಹಿ ಹಾಕಿ, ಹಾಳೆ ಮೇಲೆ ಚಾಲ್ತಿಯಲ್ಲಿರೋದು ಒಂದೇ ಆರ್ಡರ್ ಇರಲಿ. ತಡವಾಗಿ ಬರೆದರೆ ತಡವಾಗಿ ಬರೆದದ್ದು ಅಂತಲೇ ನಮೂದಿಸಿ, ಹಿಂದಿನ ಸಮಯ ಹಾಕಬೇಡಿ.

ಈ ವಿಡಿಯೋ ನೋಡ್ತಿರೋ ಸೀನಿಯರ್‌ಗಳಿಗೆ ಒಂದು ಮಾತು, ಗೌರವದಿಂದಲೇ. "ಹೋಗಿ ಅವರಿಗೆ ಹೇಳು" ಅಂತ ರೆಸಿಡೆಂಟನ್ನ ಕಳಿಸೋ ಪ್ರತಿ ಸಲವೂ ನಿಮ್ಮ ವಾದದ ಅತ್ಯಂತ ದುರ್ಬಲ ಪ್ರತಿ ಅಲ್ಲಿಗೆ ತಲುಪುತ್ತೆ. ಆ ಹುಡುಗಿ ಮೂವತ್ತು ಗಂಟೆಯಿಂದ ನಿದ್ದೆ ಮಾಡಿರದೆಯೂ ಇರಬಹುದು. ನೀವೇ ಫೋನ್ ಮಾಡಿದರೆ ಎರಡು ನಿಮಿಷದ ಕೆಲಸ. ಇಂಗ್ಲೆಂಡಿನ ಹೇಸ್ಟಿಂಗ್ಸ್‌ನಲ್ಲಿ ಅರ್ಧ ಶತಮಾನಕ್ಕೂ ಹಿಂದೆ ಒಬ್ಬ ಆರ್ಥೋ ಸರ್ಜನ್, ಒಬ್ಬ ವೃದ್ಧರ ವೈದ್ಯ ಸೇರಿ ಮೂಳೆ ಮುರಿದ ಮುದುಕರನ್ನ ಜೊತೆಯಾಗಿ ನೋಡೋಕೆ ಶುರು ಮಾಡಿದರು. ಇವತ್ತು ಅನೇಕ ದೇಶಗಳಲ್ಲಿ ಅದೇ ಪದ್ಧತಿ. ಒಂದೇ ಮಂಚದ ಪಕ್ಕ ಇಬ್ಬರೂ ನಿಂತಾಗ ರೆಸಿಡೆಂಟ್ ಓಡಾಡೋ ಪ್ರಶ್ನೆಯೇ ಬರಲ್ಲ.

ಇನ್ನು ರೆಸಿಡೆಂಟ್‌ಗಳಿಗೆ: ಮಾರನೇ ದಿನ ಕ್ಯಾಂಟೀನ್‌ನಲ್ಲೋ ಲಿಫ್ಟ್‌ನಲ್ಲೋ ಆ ಇಬ್ಬರಲ್ಲಿ ಒಬ್ಬರು ಸಿಕ್ಕಾಗ ತಪ್ಪಿಸಿಕೊಂಡು ಹೋಗಬೇಡಿ. "ಸರ್, ನಿನ್ನೆ ಯಾವ ಅಂಕಿ ನೋಡಿದ್ದರೆ ನೀವು ಮೊದಲೇ ಮನಸ್ಸು ಬದಲಾಯಿಸ್ತಿದ್ರಿ?" ಅಂತ ಕೇಳಿ. ಬಂದ ಉತ್ತರವನ್ನ ಜೇಬಿನ ಪುಸ್ತಕದಲ್ಲಿ ಅವರ ಹೆಸರಿನ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಅವರಿಗೆ ಫೋನ್ ಮಾಡುವಾಗ ಆ ಅಂಕಿಯನ್ನೇ ಮೊದಲು ಹೇಳಿ.