ಕೇಬಲ್‌ನವನು ಹೋಗೋದೇ ಇಲ್ಲ

ವಿಡಿಯೋದಲ್ಲಿ ಬಟ್ಟೆ ರಾಶಿ ಕಾಣುತ್ತಿದೆ ಅಲ್ವಾ? ನಾನು ಮಡಚುತ್ತಾ ಇರುತ್ತೇನೆ, ನೀವು ಕೇಳುತ್ತಾ ಇರಿ. ರಾತ್ರಿ ‘ದಿ ಕೇಬಲ್ ಗೈ’ ಮತ್ತೆ ನೋಡಿದೆ. 1996ರ ಸಿನಿಮಾ, ಬೆನ್ ಸ್ಟಿಲ್ಲರ್ ನಿರ್ದೇಶನ. ಜಿಮ್ ಕ್ಯಾರಿ ಹೀರೋನೋ ವಿಲನ್ನೋ, ನನಗಿನ್ನೂ ತೀರ್ಮಾನ ಆಗಿಲ್ಲ.

ಕಥೆ ಇಷ್ಟೇ. ಸ್ಟೀವನ್ ಮದುವೆ ಆಗೋಣ ಅಂತಾನೆ, ಹುಡುಗಿ ಒಪ್ಪುವುದಿಲ್ಲ, ಪಾಪ ಒಬ್ಬನೇ ಬೇರೆ ಮನೆ ಮಾಡುತ್ತಾನೆ. ಅಲ್ಲಿಗೆ ಕೇಬಲ್ ಹಾಕೋಕೆ ಬಂದವನು, ಅಂದರೆ ಜಿಮ್ ಕ್ಯಾರಿ, ಗಂಟು ಬೀಳುತ್ತಾನೆ.

ನನ್ನ ತಲೆ ತಿಂದಿದ್ದು ಆ 50 ಡಾಲರ್. ಕೇಬಲ್‌ನವನ ಕೈ ಬಿಸಿ ಮಾಡಿದರೆ ಸಿನಿಮಾ ಚಾನೆಲ್ ಎಲ್ಲಾ ಫ್ರೀ ಅಂತ ಗೆಳೆಯ ರಿಕ್ ಐಡಿಯಾ ಕೊಟ್ಟಿರುತ್ತಾನೆ. ರಿಕ್ ಅಂದರೆ ಜ್ಯಾಕ್ ಬ್ಲ್ಯಾಕ್, ಆಗ ಇನ್ನೂ ಸಣ್ಣ ಪಾತ್ರ ಮಾಡುತ್ತಿದ್ದ. ಸ್ಟೀವನ್‌ಗೆ ಲಂಚ ಕೊಡುವ ಆಸೆ ಇದೆ, ಬಾಯಿ ಬಿಟ್ಟು ಕೇಳುವ ಧೈರ್ಯ ಇಲ್ಲ. ಮಾತು ನುಂಗುತ್ತಾ, ಹಲ್ಲು ಕಿರಿಯುತ್ತಾ ಅದನ್ನು ಹೇಗೋ ಹೊರಗೆ ಹಾಕುತ್ತಾನೆ. ನಾಲ್ಕು ಚಾನೆಲ್‌ಗೆ ಇಷ್ಟೆಲ್ಲಾ ಯಾಕಪ್ಪಾ? ತಿಂಗಳ ಬಿಲ್ ಕಟ್ಟಿ ಸುಮ್ನೆ ಇರಬಾರದಿತ್ತಾ? ಬಿಲ್ ಕಟ್ಟಿದರೆ ಅವನು ಕೆಲಸದವನು. ಕದ್ದು ಮುಚ್ಚಿ ಉಪಕಾರ ಪಡೆದರೆ ಅವನು ನಿಮ್ಮ ದೋಸ್ತ್. ನಾಳೆ ಎಲ್ಲಾದರೂ ಹೋಗೋಣ್ವಾ ಅಂದಾಗ ಯಾವ ಮುಖ ಇಟ್ಟುಕೊಂಡು ಬೇಡ ಅನ್ನುತ್ತೀರಿ?

ಅಂದಹಾಗೆ, 50 ಡಾಲರ್ ಗೋಳಾಟದ ಈ ಸಿನಿಮಾಗೆ ಜಿಮ್ ಕ್ಯಾರಿ ತೆಗೆದುಕೊಂಡ ಸಂಭಾವನೆ 2 ಕೋಟಿ ಡಾಲರ್. ಆಗ ಸಿನಿಮಾಗಿಂತ ಅದೇ ದೊಡ್ಡ ಸುದ್ದಿ. 1994ರಲ್ಲಿ ‘ದಿ ಮಾಸ್ಕ್’ ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕವರು ಅದೇ ನಗು ಬೇಕು ಅಂತ ಬಂದರು. ಇಲ್ಲಿ ಅದೇ ಮುಖ ನೋಡಿದರೆ ಬೆನ್ನು ತಣ್ಣಗಾಗುತ್ತದೆ.

ಆನ್ಸರಿಂಗ್ ಮಷೀನ್ ಸೀನ್ ಬಂತು, ತಡೀರಿ. ಮನೇಲಿ ಯಾರೂ ಫೋನ್ ಎತ್ತದಿದ್ದರೆ ಕರೆ ಮಾಡಿದವರ ಮಾತು ರೆಕಾರ್ಡ್ ಮಾಡುವ ಡಬ್ಬಿ ಅದು. ಸ್ಟೀವನ್ ಮನೆಗೆ ಬಂದು ಬಟನ್ ಒತ್ತುತ್ತಾನೆ. ಕೇಬಲ್‌ನವನ ಧ್ವನಿ. ಮುಂದಿನದೂ ಅವನದೇ. ಪಬ್ಲಿಕ್ ಫೋನಿನಿಂದ ಮಾಡ್ತಿದ್ದೀನಿ, ಇದ್ದರೆ ಎತ್ತು, ಎತ್ತು ಅಂತ. ಈಗಿನ ಮಿಸ್ಡ್ ಕಾಲ್ ಪಟ್ಟಿ ಇದರ ಮುಂದೆ ಏನೂ ಅಲ್ಲ. ಅದು ಬರೀ ನಂಬರ್ ತೋರಿಸುತ್ತೆ. ಇಲ್ಲಿ ಅವನ ಉಸಿರೂ ಕೇಳುತ್ತೆ.

ಮೊದಲು ನಾನು ಪೂರ್ತಿ ಸ್ಟೀವನ್ ಪಾರ್ಟಿ. ಆಮೇಲೆ ಕೇಬಲ್‌ನವನ ಬಾಲ್ಯ ತೋರಿಸುತ್ತಾರೆ. ಮನೇಲಿ ಒಂಟಿ ಹುಡುಗ, ಆಟಕ್ಕೆ ತಮ್ಮ ಬೇಕು ಅಂತ ಅಮ್ಮನನ್ನು ಕೇಳುತ್ತಾನೆ. ಅಮ್ಮ ಹೊರಗೆ ಹೊರಡುತ್ತಾಳೆ, ಟಿವಿ ಉಳಿಯುತ್ತದೆ. ಅವನು ಹೇಳಿಕೊಳ್ಳುವ ಚಿಪ್ ಡಗ್ಲಸ್ ಅನ್ನೋ ಹೆಸರು ಕೂಡ ಹಳೇ ಟಿವಿ ಧಾರಾವಾಹಿಯ ಪಾತ್ರದ್ದು. ಅಯ್ಯೋ ಅನಿಸಿ ಪಾರ್ಟಿ ಬದಲಾಯಿಸಿದೆ. ಅಷ್ಟರಲ್ಲಿ ಅವನು ಸ್ಟೀವನ್‌ನ ಅಪ್ಪ ಅಮ್ಮನ ಮನೆಗೇ ಊಟಕ್ಕೆ ಬಂದು ಕೂತ! ಎಲ್ಲರ ಕೈಲೂ ಒಂದು ಪೋಲಿ ಆಟ ಆಡಿಸುತ್ತಾನೆ, ಮನೆಯವರು ಬಿದ್ದು ಬಿದ್ದು ನಗುತ್ತಾರೆ. ಸ್ಟೀವನ್ ಒಬ್ಬನೇ ಕುದಿಯುತ್ತಾನೆ. ಇಲ್ಲ, ವಾಪಸ್ ಸ್ಟೀವನ್ ಪಾರ್ಟಿ.

ಇನ್ನೊಂದು, ಒಂದು ದೊಡ್ಡ ಸ್ಯಾಟಲೈಟ್ ಡಿಶ್ ಹತ್ತಿರ ನಿಂತು ಕೇಬಲ್‌ನವನು ಭವಿಷ್ಯ ಹೇಳುತ್ತಾನೆ: ಮುಂದೆ ಟಿವಿ, ಫೋನ್, ಕಂಪ್ಯೂಟರ್ ಎಲ್ಲಾ ಒಂದೇ ಆಗುತ್ತೆ, ವಿಯೆಟ್ನಾಂನಲ್ಲಿರುವ ಗೆಳೆಯನ ಜೊತೆ ಗೇಮ್ ಆಡಬಹುದು ಅಂತ. 1996ರಲ್ಲಿ! ಹುಚ್ಚನ ಬಾಯಲ್ಲಿ ಹೇಳಿಸಿದ್ದಾರೆ, ಅಕ್ಷರಶಃ ಆಗಿದೆ.

ಕ್ಲೈಮ್ಯಾಕ್ಸ್ ನನಗೆ ಇಷ್ಟ ಆಗಲಿಲ್ಲ. ಮಳೆ, ಡಿಶ್, ಕಿರುಚಾಟ, ಎಲ್ಲಾ ಜಾಸ್ತಿ ಆಯ್ತು. ಊಟದ ಮೇಜಿನ ಭಯವೇ ಸಾಕಿತ್ತು. ಆದರೆ ಸಿನಿಮಾದಲ್ಲಿ ಎಲ್ಲರೂ ಟಿವಿಯಲ್ಲಿ ನೋಡುತ್ತಿದ್ದ ಕೊಲೆ ಕೇಸಿನ ತೀರ್ಪು ಬರೋ ಹೊತ್ತಿಗೆ ಸರಿಯಾಗಿ ಎಲ್ಲರ ಮನೆಯ ಟಿವಿ ಆಫ್ ಆಗುತ್ತಲ್ಲ, ಅದಕ್ಕೆ ಮಾತ್ರ ಜೋರಾಗಿ ನಕ್ಕೆ. ಅಯ್ಯೋ, ಬಟ್ಟೆ ಮುಗೀತು, ಕ್ಯಾಮೆರಾ ಖಾಲಿ ಮಂಚ ತೋರಿಸುತ್ತಿದೆ. ನಡೀರಿ, ಮುಂದಿನ ಶಾಟ್ ಕಪಾಟು.