ತೋಟದ ಜೀಪಿಗೆ ಹೊಸ ಕ್ರೌನ್-ಪಿನಿಯನ್, ಜೊತೆಗೆ ಲಾಕರ್

ನಮಸ್ಕಾರ ಎಲ್ಲರಿಗೂ. ಸ್ಟ್ಯಾಂಡ್ ಮೇಲೆ ನಿಂತಿರುವ ಈ ಹಳೆಯ ಮಹೀಂದ್ರ ಜೀಪು ನಮ್ಮ ತೋಟದ್ದು. ಮೂಡಿಗೆರೆ ಕಡೆಯ ಕಾಫಿ ತೋಟ. ಹಿಂದಿನ ಎರಡೂ ಚಕ್ರ ಬಿಚ್ಚಿದ್ದೇವೆ, ಆಕ್ಸಲ್ ಶಾಫ್ಟ್‌ಗಳನ್ನು ಎಳೆದು ಪಕ್ಕಕ್ಕೆ ಇಟ್ಟಿದ್ದೇವೆ, ಆಯಿಲ್ ಇಳಿಯುತ್ತಾ ಇದೆ. ಹಿಂದಿನ ಹೌಸಿಂಗ್ ಒಳಗೆ, ಅಂದರೆ ಎರಡು ಚಕ್ರಗಳ ನಡುವಿನ ಗೇರ್ ಗೂಡಿನೊಳಗೆ, ಹೊಸ ಕ್ರೌನ್-ಪಿನಿಯನ್ ಹಾಕಿ (ಎಂಜಿನ್ ಬಲವನ್ನು ಚಕ್ರಗಳ ಕಡೆಗೆ ತಿರುಗಿಸುವ ದೊಡ್ಡ-ಸಣ್ಣ ಗೇರಿನ ಜೋಡಿ), ಅದರ ಜೊತೆಗೇ ಏರ್ ಲಾಕರ್, ಅಂದರೆ ಗಾಳಿಯ ಒತ್ತಡದಿಂದ ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಸಾಧನ, ಕೂರಿಸುವುದು ಇವತ್ತಿನ ಕೆಲಸ.

ಯಾಕೆ ಈ ಕೆಲಸ ಅಂತ ಮೊದಲು ಹೇಳಿಬಿಡುತ್ತೇನೆ. ಈ ಜೀಪಿಗೆ ಮೊದಲು ಇದ್ದದ್ದು 6.00-16 ಟೈರ್. ಅದರ ಎತ್ತರ ಸುಮಾರು 28.5 ಇಂಚು. ಈಗ ಇರುವುದು 31 ಇಂಚಿನದು. ಟೈರ್ ದೊಡ್ಡದಾದರೆ ಒಂದೊಂದು ಸುತ್ತಿಗೂ ಜೀಪು ಜಾಸ್ತಿ ದೂರ ಹೋಗುತ್ತದೆ, ಆ ಭಾರ ಎಂಜಿನ್ ಮೇಲೆ ಬೀಳುತ್ತದೆ. ಗೊಬ್ಬರದ ಮೂಟೆ ತುಂಬಿಕೊಂಡು ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ದಿಣ್ಣೆಗೆ ಈಗ ಮೊದಲನೇ ಗೇರು ಬೇಕು. ಅರ್ಧ ಕ್ಲಚ್‌ನಲ್ಲೇ ಹತ್ತಿಸಬೇಕು. ಮೇಲೆ ಹೋಗುವಷ್ಟರಲ್ಲಿ ಕ್ಲಚ್ ಪ್ಲೇಟಿನ ಸುಟ್ಟ ವಾಸನೆ.

ನಮ್ಮ ಹೌಸಿಂಗ್‌ನಲ್ಲಿ ಇದ್ದದ್ದು 8ಕ್ಕೆ 39. ಅಂದರೆ ಪಿನಿಯನ್‌ಗೆ 8 ಹಲ್ಲು, ಕ್ರೌನ್‌ಗೆ 39. ಭಾಗಿಸಿದರೆ 4.88 ಬರುತ್ತದೆ. ಈಗ ಹಾಕುತ್ತಿರುವುದು 8ಕ್ಕೆ 43, ಅಂದರೆ 5.38. ಟೈರಿನ ಎತ್ತರ ಜಾಸ್ತಿಯಾಗಿದ್ದು ನೂರಕ್ಕೆ ಎಂಟು-ಒಂಬತ್ತರಷ್ಟು, ಗೇರ್ ಜಾಸ್ತಿಯಾಗುವುದು ನೂರಕ್ಕೆ ಹತ್ತರಷ್ಟು. ಕಳೆದುಕೊಂಡ ಎಳೆತ ವಾಪಸ್ ಬರುತ್ತದೆ, ಮೇಲೆ ಒಂದಿಷ್ಟು ಉಳಿಯುತ್ತದೆ. ಈ ಜೀಪಿನಲ್ಲಿ ಸ್ಪೀಡೋಮೀಟರ್ ಕೇಬಲ್ ಟ್ರಾನ್ಸ್‌ಫರ್ ಕೇಸಿನಿಂದ (ಎಂಜಿನ್ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಬರುವುದರಿಂದ ಅದೂ ಹತ್ತಿರ ಹತ್ತಿರ ಸರಿಹೋಗುತ್ತದೆ.

ಈ ಎರಡು ಸಂಖ್ಯೆಗಳ ಹಿಂದೆ ನನಗೆ ತುಂಬಾ ಇಷ್ಟವಾದ ಒಂದು ವಿಷಯ ಇದೆ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿಗೆ ಇದ್ದದ್ದು 4.88. ಯುದ್ಧ ಮುಗಿದ ಮೇಲೆ, 1945ರಲ್ಲಿ, ರೈತರಿಗಾಗಿ ಅಂತ ಸಿಜೆ-2ಎ ಅನ್ನುವ ಜೀಪು ಬಂತು. ನೇಗಿಲು ಎಳೆಯಬೇಕು, ಗಾಡಿ ಎಳೆಯಬೇಕು ಅಂತ ಅದಕ್ಕೆ 5.38 ಕೊಟ್ಟರು. ನಮ್ಮ ಮಹೀಂದ್ರ ಜೀಪುಗಳು ಬಂದದ್ದು ಅದೇ ವಿಲ್ಲಿಸ್ ವಂಶದಿಂದ. ತೋಟದ ಜೀಪಿಗೆ ಹೊಲದ ಗೇರೇ ಸರಿ ಅಲ್ವಾ?

ಇನ್ನು ಲಾಕರ್. ಮಲೆನಾಡಿನಲ್ಲಿ ಜೀಪು ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದಿನ ಒಂದು ಚಕ್ರ ಕೊರಕಲಿನ ಮೇಲೆ ನೇತಾಡಿತು ಅಂದರೆ ಅದು ಮಾತ್ರ ಗಿರ್ರನೆ ತಿರುಗುತ್ತದೆ. ನೆಲ ಹಿಡಿದುಕೊಂಡಿರುವ ಚಕ್ರ ಸುಮ್ನೆ ನಿಂತಿರುತ್ತದೆ. ಡಿಫರೆನ್ಷಿಯಲ್ ಇರುವುದೇ ಹಾಗೆ. ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲಿ ಅಂತ ಮಾಡಿದ ವ್ಯವಸ್ಥೆ ಅದು. ಕೆಸರಿನಲ್ಲಿ ಅದೇ ನಮಗೆ ಕೈಕೊಡುತ್ತದೆ. ಲಾಕರ್ ಎರಡೂ ಶಾಫ್ಟ್‌ಗಳನ್ನು ಒಂದು ಮಾಡುತ್ತದೆ, ಆಗ ನೆಲ ಹಿಡಿದ ಚಕ್ರ ತಳ್ಳಲೇಬೇಕು.

ಕಡಿಮೆ ಖರ್ಚಿನಲ್ಲಿ ಆಗಲಿ ಅಂತ ಕೆಲವರು ಡಿಫರೆನ್ಷಿಯಲ್ ಒಳಗಿನ ಸಣ್ಣ ಸ್ಟಾರ್ ಗೇರಿಗೆ ವೆಲ್ಡಿಂಗ್ ಹೊಡೆಸಿಬಿಡುತ್ತಾರೆ. ದಯವಿಟ್ಟು ಅದನ್ನು ಮಾಡಿಸಬೇಡಿ. ಕೆಸರಿನಲ್ಲಿ ಚೆನ್ನಾಗಿಯೇ ಇರುತ್ತದೆ, ಆದರೆ ಡಾಂಬರು ರಸ್ತೆಯ ಒಂದೊಂದು ತಿರುವಿನಲ್ಲೂ ಟೈರ್ ಉಜ್ಜುತ್ತದೆ, ಶಾಫ್ಟ್‌ಗೆ ತಿರುಚು ಬೀಳುತ್ತದೆ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಅಂಥ ಜೀಪನ್ನು ಇಳಿಸುವುದು ನನಗಂತೂ ಬೇಡ.

ಆಟೋಮ್ಯಾಟಿಕ್ ಲಾಕರ್ ಕೂಡ ಸಿಗುತ್ತದೆ. ಸ್ವಿಚ್ ಬೇಡ, ಗಾಳಿ ಬೇಡ, ತಾನೇ ಹಿಡಿದುಕೊಳ್ಳುತ್ತದೆ, ತಿರುವಿನಲ್ಲಿ ತಾನೇ ಬಿಡುತ್ತದೆ. ಒಣ ನೆಲಕ್ಕೆ, ಕಲ್ಲುಬಂಡೆಗೆ ಒಳ್ಳೆಯದು. ನಮ್ಮ ಊರಿನ ಆರಿದ್ರಾ, ಪುನರ್ವಸು ಮಳೆಗೆ ಮಾತ್ರ ನಾನು ಅದನ್ನು ಒಪ್ಪುವುದಿಲ್ಲ. ಒಂದು ಪಕ್ಕಕ್ಕೆ ವಾಲಿದ ಜಾರುಮಣ್ಣಿನ ದಾರಿ ಇದೆ ಅಂದುಕೊಳ್ಳಿ. ಲಾಕರ್ ಇಲ್ಲದಿದ್ದರೆ ಒಂದು ಚಕ್ರ ಜಾರುತ್ತದೆ, ಇನ್ನೊಂದು ತಿರುಗದೆ ಜೀಪಿನ ಹಿಂಭಾಗವನ್ನು ಹಿಡಿದಿಟ್ಟುಕೊಳ್ಳುತ್ತದೆ. ಲಾಕ್ ಆಗಿದ್ದರೆ ಎರಡೂ ಒಟ್ಟಿಗೆ ಜಾರುತ್ತವೆ, ಹಿಂಭಾಗ ಪೂರ್ತಿ ಇಳಿಜಾರಿನ ಕಡೆಗೆ ಸರಿಯುತ್ತದೆ. ಕೆಳಗೆ ಕಾಫಿ ಗಿಡ, ಅದರ ಕೆಳಗೆ ಹಳ್ಳ. ಅದಕ್ಕೇ ಬೇಕಾದಾಗ ಮಾತ್ರ ಹಾಕಿಕೊಳ್ಳುವ ಲಾಕರ್ ಬೇಕು ಅಂತ ಹಟ ಹಿಡಿದೆ. ಫೋರ್ಸ್ ಗೂರ್ಖಾದಲ್ಲಿ ಕಂಪನಿಯಿಂದಲೇ ಮುಂದೆ-ಹಿಂದೆ ಎರಡೂ ಕಡೆ ಲಾಕ್ ಬರುತ್ತದೆ, ಅದೂ ಚಾಲಕನ ಕೈಯಲ್ಲೇ ಇರುತ್ತದೆ. ಹಳೆಯ ಜೀಪಿಗೆ ನಾವೇ ಹಾಕಿಸಿಕೊಳ್ಳಬೇಕು.

ಸರಿ, ಹೌಸಿಂಗ್ ಒಳಗೆ ಬನ್ನಿ. ಇದು ಡಾನಾ 44 ಮಾದರಿಯದು.

ಈ ಬೇರಿಂಗ್ ಕ್ಯಾಪನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಕ್ಯಾಪಿನ ಮೇಲೆ ಒಂದು ಅಕ್ಷರ ಗುದ್ದಿದ್ದಾರೆ, ಕಾಣುತ್ತಾ? ಪಕ್ಕದಲ್ಲಿ ಹೌಸಿಂಗ್ ಮೇಲೂ ಅದೇ ಅಕ್ಷರ. ಒಂದು ಬದಿಯಲ್ಲಿ ಅಕ್ಷರ ನೆಟ್ಟಗಿದೆ, ಇನ್ನೊಂದು ಬದಿಯಲ್ಲಿ ಅಡ್ಡ ಮಲಗಿದೆ. ಬಿಚ್ಚಿದ ಕ್ಯಾಪು ಅದೇ ಬದಿಗೆ, ಅದೇ ದಿಕ್ಕಿಗೆ ವಾಪಸ್ ಹೋಗಬೇಕು. ಫ್ಯಾಕ್ಟರಿಯಲ್ಲಿ ಕ್ಯಾಪನ್ನು ಹೌಸಿಂಗ್‌ಗೆ ಕಟ್ಟಿಯೇ ಒಟ್ಟಿಗೆ ಕೊರೆದಿರುತ್ತಾರೆ. ಅದಲು ಬದಲಾದರೆ ಬೇರಿಂಗ್ ಗುಂಡಗೆ ಕೂರುವುದಿಲ್ಲ.

ಇದು ಹೊಸ ಪಿನಿಯನ್. ತಲೆಯ ಮೇಲೆ ಸಣ್ಣದಾಗಿ ಗೀಚಿದ ಸಂಖ್ಯೆ ನೋಡಿ, +2. ಹಳೆಯದರ ಮೇಲೆ 0 ಇದೆ. ಇದು ಇಂಚಿನ ಸಾವಿರದ ಒಂದು ಭಾಗದ ಲೆಕ್ಕ, ವರ್ಕ್‌ಶಾಪ್‌ನಲ್ಲಿ ಥೌ ಅನ್ನುತ್ತಾರೆ. ಹೊಸದಕ್ಕೆ +2 ಇದ್ದರೆ ಹಳೆಯ ಶಿಮ್, ಅಂದರೆ ಅಳತೆ ಹೊಂದಿಸಲು ಹಾಕುವ ತೆಳು ಲೋಹದ ಬಿಲ್ಲೆ, ಅದರ ದಪ್ಪದಿಂದ 2 ಥೌ ಕಡಿಮೆ ಮಾಡಿಕೊಂಡು ಶುರು ಮಾಡಬೇಕು. ಈ ಶಿಮ್ ಕೂರುವುದು ಒಳಗಿನ ಬೇರಿಂಗ್ ಕಪ್ಪಿನ ಹಿಂದೆ. ಅಂದರೆ ಒಂದೊಂದು ಸಲ ಬದಲಿಸುವಾಗಲೂ ಪಿನಿಯನ್ ಹೊರಗೆಳೆದು ಕಪ್ಪನ್ನು ಹೊಡೆದು ತೆಗೆಯಬೇಕು. ನಮ್ಮ ಮೇಸ್ತ್ರಿ ಇದಕ್ಕೊಂದು ಉಪಾಯ ಇಟ್ಟುಕೊಂಡಿದ್ದಾರೆ. ಹಳೆಯ ಕಪ್ಪಿನ ಹೊರಮೈಯನ್ನೂ ಹಳೆಯ ಬೇರಿಂಗಿನ ಒಳಸುತ್ತನ್ನೂ ತೆಳುವಾಗಿ ಉಜ್ಜಿ, ಕೈಯಲ್ಲೇ ಜಾರಿ ಕೂರುವ ಹಾಗೆ ಮಾಡಿದ್ದಾರೆ. ಟ್ರಯಲ್ ಎಲ್ಲ ಅದರಲ್ಲಿ. ಅಳತೆ ಸರಿಯಾದ ಮೇಲೆಯೇ ಹೊಸ ಬೇರಿಂಗ್ ಪ್ರೆಸ್ ಮಾಡುವುದು.

ಈಗ ಬಣ್ಣ. ಕ್ರೌನಿನ ಕೆಲವು ಹಲ್ಲುಗಳಿಗೆ ಹಳದಿ ಪೇಸ್ಟ್ ಬಳಿದು, ಪಿನಿಯನ್ ಕಡೆ ಸ್ವಲ್ಪ ತಡೆ ಕೊಟ್ಟು, ಕ್ರೌನನ್ನು ಎರಡೂ ದಿಕ್ಕಿಗೆ ತಿರುಗಿಸುತ್ತೇವೆ. ಹಲ್ಲು ಮುಟ್ಟಿದ ಜಾಗದಲ್ಲಿ ಬಣ್ಣ ಒರೆಸಿಹೋಗಿ ಒಂದು ಗುರುತು ಉಳಿಯುತ್ತದೆ. ಇಡೀ ಕೆಲಸದ ಜೀವ ಇರುವುದು ಈ ಗುರುತಿನಲ್ಲಿ. ಈಗ ಕಾಣುತ್ತಿರುವುದು ಮೊದಲ ಜೋಡಣೆಯದು. ಗುರುತು ಹಲ್ಲಿನ ಬುಡಕ್ಕೆ ಇಳಿದಿದೆ. ಅಂದರೆ ಪಿನಿಯನ್ ಒಳಗೆ ಜಾಸ್ತಿ ಬಂದಿದೆ, ಶಿಮ್ ಕಡಿಮೆ ಮಾಡಬೇಕು. ಗುರುತು ಹಲ್ಲಿನ ತುದಿಯಲ್ಲಿ ಬಿದ್ದರೆ ಪಿನಿಯನ್ ದೂರ ಇದೆ ಅಂತ ಅರ್ಥ, ಶಿಮ್ ಸೇರಿಸಬೇಕು. ಮುಂದೆ ಹೋಗುವಾಗ ಮುಟ್ಟುವ ಬದಿ, ಆಕ್ಸಲರೇಟರ್ ಬಿಟ್ಟಾಗ ಮುಟ್ಟುವ ಬದಿ, ಎರಡನ್ನೂ ನೋಡಬೇಕು. ಒಂದೇ ಬದಿ ನೋಡಿ ಮುಚ್ಚಿದರೆ ಇಳಿಜಾರಿನಲ್ಲಿ ಹೌಸಿಂಗ್ ಕೂಗುತ್ತದೆ.

ಇದರ ಜೊತೆಗೇ ಬ್ಯಾಕ್‌ಲ್ಯಾಶ್, ಅಂದರೆ ಹಲ್ಲುಗಳ ನಡುವಿನ ಆಟ. ಡಯಲ್ ಗೇಜಿನ ಮುಳ್ಳನ್ನು ಕ್ರೌನಿನ ಹಲ್ಲಿಗೆ ತಾಗಿಸಿ, ಪಿನಿಯನ್ ಅಲ್ಲಾಡದ ಹಾಗೆ ಹಿಡಿದು, ಕ್ರೌನನ್ನು ಆಚೆ ಈಚೆ ಮಾಡಿದರೆ ಎಷ್ಟು ಆಟ ಇದೆ ಅಂತ ಗೊತ್ತಾಗುತ್ತದೆ. ನಮಗೆ ಬೇಕಾದದ್ದು 6ರಿಂದ 9 ಥೌ. ಕ್ರೌನನ್ನು ಸುತ್ತ ತಿರುಗಿಸಿ ಬೇರೆ ಬೇರೆ ಜಾಗದಲ್ಲಿ ಅಳೆಯಬೇಕು. ಇದನ್ನು ಸರಿಮಾಡಲು ಒಂದು ಬದಿಯ ಶಿಮ್ ತೆಗೆದು ಇನ್ನೊಂದು ಬದಿಗೆ ಹಾಕುತ್ತೇವೆ. ಒಟ್ಟು ದಪ್ಪ ಬದಲಾಗಬಾರದು, ಬದಲಾದರೆ ಬೇರಿಂಗಿನ ಬಿಗಿ ಹೋಗುತ್ತದೆ. ಪಿನಿಯನ್ ಸರಿದರೆ ಆಟ ಬದಲಾಗುತ್ತದೆ, ಕ್ರೌನ್ ಸರಿದರೆ ಗುರುತು ಬದಲಾಗುತ್ತದೆ. ಅದಕ್ಕೇ ಇಲ್ಲಿ ಅವಸರ ಮಾಡುವ ಮೇಸ್ತ್ರಿ ಕೈಗೆ ಜೀಪು ಕೊಡಬೇಡಿ. ಗೇಜು ಇಡದೆ, ಬಣ್ಣ ಹಚ್ಚದೆ ಕೈಯಂದಾಜಿನಲ್ಲಿ ಕಟ್ಟಿದರೆ ಎಷ್ಟು ದುಬಾರಿ ಗೇರ್ ತಂದರೂ ಹಾಳಾಗುತ್ತದೆ.

ಪಿನಿಯನ್ ಬೇರಿಂಗಿನ ಬಿಗಿ ನೋಡುವ ವಿಧಾನ ನೋಡಿ. ಅದಕ್ಕೆಂದೇ ಮುಳ್ಳಿರುವ ಟಾರ್ಕ್ ವ್ರೆಂಚ್ ಸಿಗುತ್ತದೆ. ನಮ್ಮ ಮೇಸ್ತ್ರಿ ಪಿನಿಯನ್ ತುದಿಯ ದುಂಡು ಫ್ಲ್ಯಾಂಜಿಗೆ ದಾರ ಸುತ್ತಿ, ದಾರದ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯುತ್ತಾರೆ. ಮೊದಲ ಜಗ್ಗಿಗೆ ಬರುವ ತೂಕ ಲೆಕ್ಕಕ್ಕಿಲ್ಲ. ಒಂದೇ ಸಮ ತಿರುಗುತ್ತಿರುವಾಗ ತಕ್ಕಡಿ ಏನು ತೋರಿಸುತ್ತದೆ, ಅದನ್ನು ಫ್ಲ್ಯಾಂಜಿನ ಅರ್ಧವ್ಯಾಸದಿಂದ ಗುಣಿಸಬೇಕು. ಇದು ಹಳೆಯ ಕಾಲದ ಪದ್ಧತಿ, ನಂಬಬಹುದಾದ ಪದ್ಧತಿ.

ಲಾಕರಿಗೆ ಗಾಳಿ ಹೋಗಲು ಹೌಸಿಂಗ್‌ಗೆ ಒಂದು ತೂತು ಕೊರೆದು ಥ್ರೆಡ್ ಹೊಡೆಯಬೇಕು. ಬಿಟ್‌ಗೆ ಗ್ರೀಸ್ ಮೆತ್ತಿಕೊಂಡರೆ ಕಬ್ಬಿಣದ ಚೂರು ಅದರಲ್ಲೇ ಅಂಟಿಕೊಳ್ಳುತ್ತದೆ. ಒಳಗೆ ಬರುವ ತಾಮ್ರದ ಪೈಪು ಕ್ರೌನಿಗೆ ತಾಗದ ಹಾಗೆ ಬಾಗಿಸಿದ್ದೇವೆ. ಕಂಪ್ರೆಸರ್ 12 ವೋಲ್ಟಿನದು. ಗಾಳಿ 85 ಪೌಂಡಿಗೆ ಇಳಿದರೆ ತಾನೇ ಶುರುವಾಗುತ್ತದೆ, 105ಕ್ಕೆ ನಿಲ್ಲುತ್ತದೆ. ಮುಚ್ಚುವ ಮೊದಲೇ ಗಾಳಿ ಬಿಟ್ಟು ನೋಡಿದೆವು. ಟಕ್ ಅಂತು. ಒಂದು ಶಾಫ್ಟ್ ತಿರುಗಿಸಿದರೆ ಇನ್ನೊಂದೂ ಅದೇ ದಿಕ್ಕಿಗೆ ತಿರುಗಿತು. ಜಾಯಿಂಟ್‌ಗಳಿಗೆಲ್ಲ ಸೋಪಿನ ನೀರು ಹಾಕಿ ನೋಡಿದೆವು, ಗುಳ್ಳೆ ಬರಲಿಲ್ಲ. ಕ್ರೌನಿನ 10 ಬೋಲ್ಟೂ ಹೊಸವು, ಲಾಕ್ ಮಾಡುವ ಕೆಂಪು ಅಂಟು ಹಾಕಿ ಟಾರ್ಕ್ ಮಾಡಿದ್ದು.

ಮುಂದಿನ ಹೌಸಿಂಗ್‌ಗೂ 8ಕ್ಕೆ 43 ಹಾಕಲೇಬೇಕು. ಅದಾಗುವವರೆಗೆ ಈ ಜೀಪನ್ನು ಫೋರ್-ವೀಲ್‌ಗೆ ಹಾಕುವ ಹಾಗಿಲ್ಲ. ಹಿಂದೆ 5.38, ಮುಂದೆ 4.88 ಇದ್ದರೆ ಟ್ರಾನ್ಸ್‌ಫರ್ ಕೇಸು ಎರಡು ಕಡೆ ಜಗ್ಗಾಡಿ ಏನಾದರೂ ಮುರಿಯುತ್ತದೆ. ಕೆಸರಿಗೆ ಇಳಿಸುವುದು ಅದಾದ ಮೇಲೆಯೇ. ಮುಂದಿನದಕ್ಕೆ ಲಾಕರ್ ಹಾಕುವುದಿಲ್ಲ. ಪವರ್ ಸ್ಟೀರಿಂಗ್ ಇಲ್ಲದ ಜೀಪಿನಲ್ಲಿ ಮುಂದಿನ ಲಾಕರ್ ಹಿಡಿದಾಗ ಸ್ಟೀರಿಂಗ್ ತಿರುಗಿಸುವುದು ಬಹಳ ಕಷ್ಟ.

ಹೊಸ ಗೇರಿಗೆ ಮೊದಲ ಓಟ ಬಹಳ ಮುಖ್ಯ. ಜಿಎಲ್-5 ದರ್ಜೆಯ 80ಡಬ್ಲ್ಯೂ-90 ಆಯಿಲ್ ತುಂಬಿಸಿದ್ದೇವೆ. ಮೊದಲ ಸಲ 15-20 ನಿಮಿಷ ನಿಧಾನವಾಗಿ ಓಡಿಸಿ ನಿಲ್ಲಿಸಿದೆವು. ಪೂರ್ತಿ ತಣ್ಣಗಾದ ಮೇಲೆಯೇ ಮತ್ತೆ ತೆಗೆದದ್ದು. ಹೊಸ ಹಲ್ಲುಗಳು ಒಂದಕ್ಕೊಂದು ಉಜ್ಜಿಕೊಳ್ಳುವಾಗ ತುಂಬಾ ಬಿಸಿಯಾಗುತ್ತವೆ. ಆ ಬಿಸಿಯಲ್ಲೇ ಭಾರ ಎಳೆಸಿದರೆ ಆಯಿಲ್ ಸುಡುತ್ತದೆ, ಹಲ್ಲಿನ ಮೈ ಹಾಳಾಗುತ್ತದೆ. ಮೊದಲ 800 ಕಿ.ಮೀ. ತನಕ ಮೂಟೆ ಹೇರುವುದಿಲ್ಲ, ಟ್ರೇಲರ್ ಕಟ್ಟುವುದಿಲ್ಲ. ಆಮೇಲೆ ಈ ಆಯಿಲ್ ಇಳಿಸಿ ಹೊಸದು. ಅಲ್ಲಿಯವರೆಗೆ ಗೊಬ್ಬರ ಸಾಗಿಸಲು ಪಕ್ಕದ ತೋಟದವರ ಪಿಕಪ್ ಹೇಳಿದ್ದೇವೆ.